ಹಿರಿಯಡ್ಕದ ಹಾರ್ನು

ಬರ್ತಾ ಬಾಯಿಯ ಕಿವಿಗೆ ವಯಸ್ಸಾಯಿತು ಎಂದು ಡೊಮಿನಿಕ್ ಹೇಳಿದ್ದು ಇಗರ್ಜಿಯ ಗಾಯನ ಮಂಡಳಿಯ ಎದುರಿಗೇ. ಕುವೈತಿನಿಂದ ಅವನು ತಂದುಕೊಟ್ಟ ಕೀಬೋರ್ಡಿನ ಶ್ರುತಿ ತುಸು ಏರಿದೆ ಎಂದು ಆಕೆ ಅಂದದ್ದೇ ತಪ್ಪಾಯಿತು. ಇಪ್ಪತ್ತು ವರ್ಷ ಊರಿಗೆ ಹಾಡು ಕಲಿಸಿದವಳು ಅಂದಿನಿಂದ ಅಭ್ಯಾಸಕ್ಕೆ ಹೋಗಲಿಲ್ಲ. ಮನೆಯಲ್ಲಿ ಗುನುಗುವುದನ್ನೂ ಬಿಟ್ಟಳು. ಗಂಡ ಬ್ಯಾಪ್ಟಿಸ್ಟನಿಗೆ ಸಹಿಸಲಾಗದ್ದು ಅದೇ. ಕಾರ್ಕಳದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ಈ ಮನುಷ್ಯನಿಗೆ ಹೆಂಡತಿಯ ಗುನುಗಿಲ್ಲದೆ ಬೆಳಗಿನ ಚಹಾವೂ ಸಪ್ಪೆಯಾಗಿತ್ತು.

ಅದು ಎಂಬತ್ನಾಲ್ಕನೇ ಇಸವಿ. ಬ್ರಹ್ಮಾಂಡ ಹಿಗ್ಗುತ್ತಿದೆ ಎಂದು ತರಗತಿಯಲ್ಲಿ ಹೇಳಿದಾಗ ಹುಡುಗರು ನಕ್ಕಿದ್ದರು. ಗೆಲಾಕ್ಸಿಗಳು ಓಡುವುದನ್ನು ಅಳೆದವರು ಯಾರು ಸರ್? ಬ್ಯಾಪ್ಟಿಸ್ಟ ಒಂದೇ ಕಲ್ಲಿಗೆ ಎರಡು ಹಕ್ಕಿ ಹೊಡೆಯಲು ಹೊರಟ. ಒಲ್ಲೆನೆಂದ ಬರ್ತಾಳನ್ನು ಕಾಡಿ ಬೇಡಿ ಒಪ್ಪಿಸಿ, ಹುಡುಗರೊಂದಿಗೆ ಹಿರಿಯಡ್ಕದ ಹತ್ತಿರದ ನೇರ ರಸ್ತೆಗೆ ಕರೆತಂದ. ಹುಡುಗರು ಡೊಮಿನಿಕ್‌ನ ಸ್ಟಾಪ್‌ವಾಚ್ ಕೇಳಿದ್ದರು. ವಾಚಿನ ಜೊತೆಗೆ ಅದರ ಯಜಮಾನನೂ ಬಂದ.

"ದೂರ ಓಡುವ ಬಸ್ಸಿನ ಹಾರ್ನಿನ ಶ್ರುತಿ ತಗ್ಗುತ್ತದೆ. ದೂರ ಓಡುವ ಗೆಲಾಕ್ಸಿಯ ಬೆಳಕು ಕೆಂಪಿಗೆ ಜಾರುತ್ತದೆ. ಎಷ್ಟು ಜಾರಿತು ಎಂದು ತಿಳಿದರೆ ವೇಗ ಸಿಕ್ಕಿತು," ಎಂದ ಬ್ಯಾಪ್ಟಿಸ್ಟ.

ಆ ದಾರಿಯ ಎಕ್ಸ್‌ಪ್ರೆಸ್ ಬಸ್ಸಿನವರು ಬ್ರೇಕು ಮರೆತಾರು, ಹಾರ್ನು ಮರೆಯರು. ಬಸ್ಸು ಕೂಗುತ್ತ ಬಂತು, ಕೂಗುತ್ತಲೇ ಹೋಯಿತು. ಬರ್ತಾ ಕಣ್ಣು ಮುಚ್ಚಿ ನಿಂತಿದ್ದಳು.

"ಬರುವಾಗ ರೇ, ಹೋಗುವಾಗ ದೋ. ಸರಿಯಾಗಿ ಒಂದು ಸ್ವರ ಇಳಿಯಿತು."

ಆ ಇಳಿತದಿಂದ ಬ್ಯಾಪ್ಟಿಸ್ಟ ಬಸ್ಸಿನ ವೇಗ ಲೆಕ್ಕ ಹಾಕಿದ. ಗಂಟೆಗೆ ಎಪ್ಪತ್ತು ಕಿಲೋಮೀಟರ್. ಅತ್ತ ಹುಡುಗರು ಕರೆಂಟು ಕಂಬಗಳ ನಡುವಿನ ಓಟವನ್ನು ವಾಚಿನಲ್ಲಿ ಹಿಡಿದು ಕೂಗಿದರು: "ಐವತ್ತಾರು, ಸರ್!"

"ನಾನು ಹೇಳಿದ್ದು ಅದೇ ಅಲ್ವಾ ಮಾರಾಯ?" ಡೊಮಿನಿಕ್ ನಕ್ಕ. ಬರ್ತಾಳ ಮುಖ ಬಾಡಿತು. ಬ್ಯಾಪ್ಟಿಸ್ಟ ಅವಳತ್ತ ನೋಡಿದ. ಇವಳನ್ನು ಇಲ್ಲಿಗೆ ಎಳೆತಂದು ನಾನೇ ಮರ್ಯಾದೆ ಕಳೆದೆನೇ?

ಮರುಕ್ಷಣ ಅವನಿಗೆ ಆಕಾಶ ನೆನಪಾಯಿತು. ಅಲ್ಲಿಯೂ ಗೆಲಾಕ್ಸಿಗಳ ವೇಗದ ಬಗ್ಗೆ ತಕರಾರಿಲ್ಲ, ಜಗಳವೆಲ್ಲ ಅವು ಎಷ್ಟು ದೂರ ಎಂಬುದರದ್ದು.

"ಕಂಬದಿಂದ ಕಂಬಕ್ಕೆ ಎಷ್ಟು ಹಿಡಿದಿರಿ?"

"ನಲವತ್ತು ಮೀಟರ್ ಸರ್."

"ಇಲ್ಲಿ ಅಳೆದಿರಾ?"

"ಇಲ್ಲ ಸರ್, ಕಾಲೇಜಿನ ಗೇಟಿನ ಎದುರು. ಕಂಬ ಎಲ್ಲಿದ್ದರೂ ಕಂಬವೇ ಅಲ್ವಾ?"

ಬ್ಯಾಪ್ಟಿಸ್ಟ ಅಳತೆಯ ಟೇಪಿಗಾಗಿ ಪೇಟೆಯ ಅಂಗಡಿಗೆ ಓಡಿದ. ಐವತ್ತು ದಾಟಿದ ಮೇಷ್ಟ್ರು ಹಾಗೆ ಓಡಿದ್ದನ್ನು ಯಾರೂ ಕಂಡಿರಲಿಲ್ಲ. ಟೇಪು ಎಳೆದು ನೋಡಿದರೆ, ಗದ್ದೆ ಬದಿಯ ಆ ಕಂಬಗಳ ನಡುವೆ ಪೂರಾ ಐವತ್ತು ಮೀಟರ್! ಹುಡುಗರು ಮತ್ತೆ ಲೆಕ್ಕ ಹಾಕಿದರು. ಎಪ್ಪತ್ತು ಬಂತು.

ಹುಡುಗರ ಚಪ್ಪಾಳೆ ನಿಲ್ಲಲಿಲ್ಲ. ಬ್ಯಾಪ್ಟಿಸ್ಟನ ಕಣ್ಣು ತೇವವಾಯಿತು. ಎಂಥ ಕಿವಿ ಕೊಟ್ಟೆ ದೇವರೇ ಎಂದುಕೊಂಡ. ಆಮೇಲೆ ಹುಡುಗರತ್ತ ತಿರುಗಿ ಪಾಠ ಮುಗಿಸಿದ.

"ಕೆಲವರು ಮಿಡಿಯುವ ನಕ್ಷತ್ರ ಹಿಡಿದು ದೂರ ಅಳೆಯುತ್ತಾರೆ, ಕೆಲವರು ಸಿಡಿದ ನಕ್ಷತ್ರದ ಹೊಳಪಿನಿಂದ, ಕೆಲವರು ಗೆಲಾಕ್ಸಿ ಸುತ್ತುವ ವೇಗದಿಂದ. ಹಿಗ್ಗುವ ದರ ಒಬ್ಬರಿಗೆ ಐವತ್ತು, ಇನ್ನೊಬ್ಬರಿಗೆ ನೂರು. ಹತ್ತಿರದ ಕಂಬದ ಅಳತೆ ತಪ್ಪಿದರೆ ದೂರದ್ದೆಲ್ಲ ತಪ್ಪು. ಆದರೂ ಒಬ್ಬರೂ ಅಳೆಯುವುದನ್ನು ಬಿಟ್ಟಿಲ್ಲ. ಅದು ದೊಡ್ಡದು ಮಕ್ಕಳೇ."

ಡೊಮಿನಿಕ್ ವಾಚನ್ನು ಜೇಬಿಗಿಳಿಸಿ ಬರ್ತಾಳ ಬಳಿ ಬಂದ. "ಬರ್ತಾ ಬಾಯಿ, ಕೀಬೋರ್ಡಿನ ಹಿಂದೆ ಶ್ರುತಿ ಸರಿಮಾಡುವ ತಿರುಪು ಉಂಟು. ಭಾನುವಾರ ನೀವೇ ಬಂದು ತಿರುಗಿಸಬೇಕು."

ವಾಪಸು ಬಸ್ಸಿನಲ್ಲಿ ಬರ್ತಾ ಕಿಟಕಿಯ ಹೊರಗೆ ನೋಡುತ್ತಾ ಹೇಳಿದಳು: "ಐವತ್ತಾರು ಎಂದಾಗ ನಿಮ್ಮ ಮುಖ ನೋಡಿದೆ. ನೀವು ನಂಬಿದ್ದು ನನ್ನನ್ನಲ್ಲ, ಟೇಪನ್ನು."

"ನಿನ್ನನ್ನು ನಂಬದಿದ್ದರೆ ಟೇಪಿಗೆ ಯಾಕೆ ಓಡ್ತಿದ್ದೆ? ನಿನ್ನ ಪರವಾಗಿ ಕ್ಷಮೆ ಕೇಳಿ ಮನೆಗೆ ಕರಕೊಂಡು ಹೋಗ್ತಿದ್ದೆ."

ಬೈಲೂರು ದಾಟುವಾಗ ಡ್ರೈವರ್ ಹಾರ್ನು ಒತ್ತಿದ. ಅದೇ ಶ್ರುತಿ ಹಿಡಿದು ಬರ್ತಾ ಮೆಲ್ಲನೆ ಗುನುಗತೊಡಗಿದಳು.