ಮಾತಿಲ್ಲದ ಪಾರ್ಟು

ಮೀಸೆಯ ಗೋಂದು ಒಣಗಿ ಮೇಲ್ದುಟಿ ಬಿಗಿಯುತ್ತಿದೆ, ಕೆರೆದುಕೊಳ್ಳೋಣವೆಂದರೆ ಒಂದು ಕೈಯಲ್ಲಿ ಈಟಿ, ಇನ್ನೊಂದು ಕೈ ಸೊಂಟದ ಮೇಲೆ, ಕದಲುವ ಹಾಗಿಲ್ಲ, ಕದಲಿದರೆ ಪರದೆಯ ಪಕ್ಕದಿಂದ ರಾಣಿ ಟೀಚರು ಕಣ್ಣು ಬಿಡುತ್ತಾಳೆ, ಅಂಗನವಾಡಿ ಮಕ್ಕಳಿಗೆ ಬಿಡುವ ಅದೇ ಕಣ್ಣು, ಸುಮ್ಮನಿರು ಕೆಂಪಾಜಿ, ನೀನೀಗ ಸ್ಕೂಲಿನಲ್ಲಿ ಬಿಸಿಯೂಟ ಬೇಯಿಸುವವಳಲ್ಲ, ಲೆಂಕ, ಲೆಂಕ ಅಂದರೆ ಒಡೆಯನಿಗೆ ಪ್ರಾಣದ ಮೇಲೆ ಆಣೆಯಿಟ್ಟ ವೀರ, ಹಿಂದೆ ನಮ್ಮ ಕಡೆಯೇ ಇದ್ದರಂತೆ ಅಂಥವರು, ಊರಾಚೆ ಎಮ್ಮೆಗಳು ಮೈ ತಿಕ್ಕುವ ವೀರಗಲ್ಲು ಅವರದ್ದೇ ಅಂತೆ, ಟೀಚರು ಹೇಳಿದ್ದು. ಆದರೆ ಈ ನಾಟಕ ಪುರಾಣವಲ್ಲ, ಚರಿತ್ರೆಯೂ ಅಲ್ಲ, ಆಕೆಯೇ ತಲೆಯಿಂದ ಕಟ್ಟಿದ ಕಟ್ಟುಕತೆ — ಮಂಜಿನ ಬೆಟ್ಟಗಳಾಚೆ ಒಬ್ಬ ಅರಸ, ಒಬ್ಬ ಮಾಟಗಾರ ಆತನ ನೆರಳನ್ನು ಕದ್ದು ತಾಮ್ರದ ಗಿಂಡಿಯಲ್ಲಿ ಮುಚ್ಚಿಟ್ಟುಬಿಟ್ಟ, ನೆರಳಿಲ್ಲದ ಅರಸನ ಮಾತನ್ನು ಯಾರು ಕೇಳುತ್ತಾರೆ, ಆಗ ಆರು ಮಂದಿ ಲೆಂಕರು ಕತ್ತಿ ಮುಟ್ಟಿ ಆಣೆ ಮಾಡಿದರು, ಇನ್ನು ನಾವೇ ನಿನ್ನ ನೆರಳು, ನೀನು ನಿಂತಲ್ಲಿ ನಿಲ್ಲುತ್ತೇವೆ, ನೆರಳಿಗೆ ಮಾತಿಲ್ಲ, ಆದ್ದರಿಂದ ಮಾತಾಡೆವು, ಬಾಯಿ ಬಿಟ್ಟ ದಿನ ಆಣೆ ಮುರಿದಂತೆ. ಕೇಳುವಾಗ ಮೈ ಜುಮ್ಮೆಂದಿತ್ತು, ಪಾರ್ಟು ಹಂಚಿದಾಗ ಮೈ ಉರಿಯಿತು, ಯಾಕೆಂದರೆ ಐವರು ಲೆಂಕರು ಕೊನೆಗೆ ಕತ್ತಿ ಎಸೆದು ಮಾಟಗಾರನ ಕಡೆ ಹೋಗುತ್ತಾರೆ, ಹೋಗುವಾಗ ಒಬ್ಬೊಬ್ಬರಿಗೂ ಉದ್ದುದ್ದ ಡೈಲಾಗು, ಉಳಿಯುವವಳು ನಾನೊಬ್ಬಳು, ನನಗೆ ಒಂದು ಅಕ್ಷರವೂ ಇಲ್ಲ. ಅಲ್ಲಾ ಟೀಚರೇ, ದ್ರೋಹ ಮಾಡೋರ್ಗೆಲ್ಲ ಮಾತು ಕೊಟ್ಬುಟ್ಟು ನಿಯತ್ತಾಗಿರೋಳ್ ಬಾಯ್ಗೆ ಬೀಗ ಹಾಕಿದ್ದೀರಲ್ಲ, ಇದ್ಯಾವ ನ್ಯಾಯ. ಅವಳು ನಕ್ಕಳು, ಕೆಂಪಾಜಕ್ಕ, ಊರಲ್ಲೆಲ್ಲ ಜಾಸ್ತಿ ಮಾತಾಡೋರು ನೀವೇ, ನೀವು ಬಾಯಿ ಮುಚ್ಕೊಂಡು ನಿಂತ್ರೆ ಸಾಕು, ಜನ ಬೆರಗಾಗ್ತಾರೆ, ಅದೇ ನಾಟಕ. ಮುಸುಡಿ ನೋಡು ಅವಳದ್ದು.

ಶಿವನಂಜಮ್ಮನ ಕತ್ತಿ ಠಣ್ಣೆಂದು ಬಿತ್ತು, ಐದನೆಯವಳೂ ಹೋದಳು, ಬನ್ನೂರಿನಿಂದ ಬಾಡಿಗೆಗೆ ತಂದ ತಗಡಿನ ಕತ್ತಿ, ಸದ್ದು ಮಾತ್ರ ಗಟ್ಟಿ, ಜನ ಹೋ ಎಂದರು. ಈಗ ಸ್ಟೇಜಿನ ಮೇಲೆ ಇಬ್ಬರೇ, ಅರಸ ಮತ್ತು ನಾನು, ಅರಸ ಅಂದರೆ ಜವರಮ್ಮ, ನಂಜೇಶನ ಹೆಂಡತಿ, ಕಿರೀಟದ ಕೆಳಗೆ ಅವಳ ಕಿವಿಯೋಲೆ ಇಣುಕುತ್ತಿದೆ, ಬಿಚ್ಚಲು ಮರೆತಿದ್ದಾಳೆ, ಇರಲಿ, ಅರಸರೂ ಕಿವಿಗೆ ಹಾಕುತ್ತಿದ್ದರು. ಇವಳೇನಾ ಅವಳು, ಭಾವ ಜಗಲಿಯ ಮೇಲೆ ಕೂತಿದ್ದರೆ ಹಿತ್ತಲ ಬಾಗಿಲಿಂದ ಸುತ್ತಿ ಬರುವವಳು, ಮದುವೆಯಾಗಿ ಇಷ್ಟು ವರ್ಷಕ್ಕೂ ಗಂಡನ ಅಣ್ಣ ಆ ಗುರುಮಲ್ಲಪ್ಪನ ಎದುರು ಸೆರಗು ಜಾರಿಸದವಳು, ಗದ್ದೆಯಲ್ಲಿ ನಾಟಿ ಹಾಕುವಾಗ ಮಾತ್ರ ಪದ ಎತ್ತಿದರೆ ಕಾಲುವೆಯಾಚೆಗೂ ಕೇಳುವ ಗಂಟಲು, ಟೀಚರು ಹಿಡಿದದ್ದೇ ಆ ಗಂಟಲನ್ನು, ಸ್ತ್ರೀಶಕ್ತಿ ಸಂಘದಿಂದ ನಾಟಕವಾಡೋಣ, ಇಲ್ಲಿ ಗೆದ್ದರೆ ನರಸೀಪುರದ ತಾಲ್ಲೂಕು ಸ್ಪರ್ಧೆಗೆ ಹೋಗೋಣ, ಜವರಮ್ಮನೇ ಅರಸ. ಆವತ್ತಿನಿಂದ ಆ ಮನೆಯಲ್ಲಿ ಕಾಳಗ. ಗುರುಮಲ್ಲಪ್ಪ ತಮ್ಮನ ಹೆಂಡತಿಯ ಹತ್ತಿರ ನೇರವಾಗಿ ಮಾತಾಡುವವನಲ್ಲ, ಅದು ಅವರ ಮನೆಯ ಮರ್ಯಾದೆ, ತಮ್ಮನನ್ನು ಕೂರಿಸಿಕೊಂಡು ಒಳಗೆ ಕೇಳುವ ಹಾಗೆ ಹೇಳಿದನಂತೆ, ನಮ್ಮನೆ ಎಂಗ್ಸು ಮೀಸೆ ಅಂಟುಸ್ಕೊಂಡು ಕುಣಿಯಂಗಿದ್ರೆ ಸ್ಟೇಜಿನಿಂದ ಅಂಗೇ ತವರ್ಗೆ ಓಗ್ಲಿ, ಈ ಬಾಗ್ಲು ತುಳಿಯೋದ್ ಬ್ಯಾಡ. ನಂಜೇಶ ತಲೆ ತಗ್ಗಿಸಿ ಕೂತಿದ್ದನಂತೆ, ಅಣ್ಣ ಹಾಕಿದ ಗೆರೆ ದಾಟಿದವನಲ್ಲ ಅವನು, ಒಳ್ಳೆಯವನೇ, ಉಪ್ಪಿಲ್ಲದ ಸಾರಿನ ಹಾಗೆ. ಕಾಲುವೆ ಮೆಟ್ಟಿಲ ಮೇಲೆ ಬಟ್ಟೆ ಹಿಂಡುತ್ತಾ ಜವರಮ್ಮ ಅಂದಳು, ಕೆಂಪಾಜಕ್ಕ, ಬತ್ತೀನಿ ಅಂತ ಧೈರ್ಯ ಮಾಡಿವ್ನಿ, ಆದ್ರೆ ಭಾವ ಬಂದು ಎದ್ರುಗೆ ನಿಂತ್ಬುಟ್ರೆ ನನ್ ಕಾಲು ತಾವೇ ಇಳ್ದುಬುಡ್ತವೆ, ಆಗ ನೀನು ಇರ್ತೀಯಾ. ಇರ್ತೀನಿ ಕಣಮ್ಮಿ. ಆಣೆಗೂ? ಆಣೆಗೂ. ಅವಳ ಒದ್ದೆ ಕೈ ನನ್ನ ಕೈಮೇಲೆ, ನೀರು ಮೊಣಕೈವರೆಗೆ ಇಳಿದಿತ್ತು. ಅದು ನಾಟಕದ ಆಣೆಯಲ್ಲ.

ಈಗ ಅವಳು ತಿರುಗಬೇಕು, ತಿರುಗಿ, ಎಲ್ಲರೂ ಹೋದರು ಲೆಂಕ, ನೀನೂ ಹೋಗು, ಅನ್ನಬೇಕು, ನಾನು ತಲೆಯಾಡಿಸಬೇಕು, ಇಡೀ ನಾಟಕದಲ್ಲಿ ನನಗಿರುವುದು ಅದೊಂದೇ ಕೆಲಸ — ಯಾಕೆ ತಿರುಗುತ್ತಿಲ್ಲ, ಮರೆತಳೇ, ಜನರ ಸದ್ದೂ ಇಲ್ಲ, ಕಿರಕ್ ಕಿರಕ್ ಅಂತ ಏನೋ ಸದ್ದು, ಹಲಗೆಯ ಮೆಟ್ಟಿಲ ಕಡೆಯಿಂದ, ಕಣ್ಣು ಮಾತ್ರ ಹೊರಳಿಸಿ ನೋಡುತ್ತೇನೆ, ಹೊಸ ಚಪ್ಪಲಿ, ಕೆಂಚು ಬಣ್ಣದ ತೊಗಲು, ಮೈಸೂರಿನಿಂದ ತಂದದ್ದಿರಬೇಕು, ಅದರ ಮೇಲೆ ಬಿಳಿ ಪಂಚೆ, ಅದರ ಮೇಲೆ ಗುರುಮಲ್ಲಪ್ಪ. ಬಂದೇಬಿಟ್ಟ. ಹಾಡುಹಗಲಲ್ಲಿ, ಊರೆಲ್ಲ ಕೂತು ನೋಡುವಾಗ, ಪಂಚಾಯ್ತಿ ಕಟ್ಟೆ ಹತ್ತುವ ಹಾಗೆ ಹತ್ತಿ ಬಂದ. ಯಾರೋ ಹಿಂದಿನಿಂದ ಶಿಳ್ಳೆ ಹೊಡೆದರು, ಇವನೂ ನಾಟಕದವನೇ ಅಂದುಕೊಂಡಿರಬೇಕು. ಜವರಮ್ಮನ ಭುಜ ಕುಗ್ಗಿತು, ನಾನು ನೋಡಿದೆ, ಕೈ ತಾನಾಗಿ ತಲೆಗೆ ಹೋಯಿತು ಸೆರಗು ಹುಡುಕಿಕೊಂಡು, ಸಿಕ್ಕಿದ್ದು ಕಿರೀಟ. ಅಯ್ಯೋ ಜವರಿ, ಇಳಿಯಬೇಡ, ಇಳಿದರೆ ಇವತ್ತಿಗೆ ಮಾತ್ರವಲ್ಲ, ಸಾಯುವವರೆಗೂ ಹಿತ್ತಲ ಬಾಗಿಲೇ ಗತಿ. ಅವನು ಅವಳನ್ನು ನೋಡುತ್ತಿಲ್ಲ, ಇಲ್ಲೂ ಆ ಮರ್ಯಾದೆ ಬಿಡಲಿಲ್ಲ ಮಹಾರಾಯ, ನನ್ನನ್ನು ನೋಡಿ ಹೇಳುತ್ತಾನೆ, ಕೆಂಪಾಜಮ್ಮಾ, ಆಟ ಸಾಕು, ಕೆಳೀಕೆ ಇಳಿ ಅಂತ ಯೋಳು ಅವ್ಳಿಗೆ. ಯೋಳಲೇ? ನನ್ನ ಬಾಯಿಗೆ ಬಂದ ಮಾತುಗಳನ್ನು ಯಾರಾದರೂ ನೋಡಬೇಕಿತ್ತು, ಸಾಲುಗಟ್ಟಿ ನಿಂತಿದ್ದವು, ನಿಮ್ ಮರ್ವಾದಿ ಅಷ್ಟೊಂದು ಸಡ್ಲಾನಾ ಗುರುಮಲ್ಲಪ್ಪಾರೇ ಒಂದು ಮೀಸೆಗೆ ಉದುರೋಗಕೆ, ಇದು ಒಂದು, ಇದಕ್ಕಿಂತ ಖಾರದ್ದು ಇನ್ನೊಂದಿತ್ತು, ಅವನ ಅಪ್ಪನ ಕಾಲದ್ದು. ಬಾಯಿ ಬಿಟ್ಟರೆ ಆಣೆ ಮುರಿದಂತೆ. ಬಿಡದಿದ್ದರೆ ಇವಳು ಇಳಿಯುತ್ತಾಳೆ. ಮಾತಿಲ್ಲದೆ ಹೇಗೆ ನಿಲ್ಲಿಸುವುದು, ನನಗೆ ಮಾತು ಬಿಟ್ಟು ಬೇರೆ ಏನು ಬರುತ್ತದೆ, ಹುಟ್ಟಿದ ಮೇಲೆ ಜಗಳ ಗೆದ್ದದ್ದೆಲ್ಲ ನಾಲಗೆಯಿಂದಲೇ — ಅಷ್ಟರಲ್ಲಿ ಈಟಿ ಅಡ್ಡ ಬಂದಿತ್ತು, ನಾನೇ ಹಿಡಿದದ್ದು, ಅನ್ನದ ಹಂಡೆಯಲ್ಲಿ ಸೌಟು ತಿರುವುವ ಈ ತೋಳೇ, ಅವನ ಎದೆಗೆ ಅಡ್ಡಲಾಗಿ, ಮುಟ್ಟದೆ, ಬಿದಿರಿಗೆ ಬೆಳ್ಳಿ ಕಾಗದ ಸುತ್ತಿದ ಈಟಿ, ತಳ್ಳಿದರೆ ಮುರಿಯುತ್ತದೆ. ದೂರ ಸರಿಯಮ್ಮಿ, ಇದು ನಮ್ಮನೆ ಇಷ್ಯ. ಸರಿಯಲಿಲ್ಲ. ನಿಂಗೂ ಇದುಕ್ಕೂ ಏನ್ ಸಂಬಂಧ. ಹೇಳಲಿಲ್ಲ. ನನ್ನ ಬಾಯಿ ಮುಚ್ಚಿರುವುದನ್ನು ಕಂಡು ಅವನಿಗೇ ಗಾಬರಿಯಾಯಿತು ಅಂತ ಕಾಣುತ್ತದೆ, ಬೈದಿದ್ದರೆ ಬೈದು ಗೆಲ್ಲುತ್ತಿದ್ದ, ನಾನು ರೆಪ್ಪೆಯನ್ನೂ ಹೊಡೆಯಲಿಲ್ಲ, ದೊಡ್ಡವರು, ಇವರ ಗದ್ದೆಯಲ್ಲೇ ನಾಳೆ ಕೂಲಿಗೆ ಹೋಗಬೇಕು, ಕೂಲಿ ಹೋದರೆ ಹೋಗಲಿ, ಆಣೆಗೂ ಅಂದಿದ್ದೇನೆ.

ಆಗ ಒಂದು ದನಿ, ಕೆಳಗಿನಿಂದ, ಮುಂದಿನ ಸಾಲಿನಿಂದ, ಅಣ್ಣಾ. ನಂಜೇಶ. ಎದ್ದು ನಿಂತಿದ್ದಾನೆ, ಟವೆಲು ಕೈಯಲ್ಲಿ ಮುದುಡಿಕೊಂಡು. ಅಣ್ಣಾ, ಎಕ್ಡ ಬುಡಣ್ಣಾ, ಸ್ಟೇಜ್ಗೆ ಪೂಜೆ ಆಗೈತೆ. ಚಪ್ಪಲಿ ಬಿಡು, ಅಷ್ಟೇ ಅಂದದ್ದು, ಆದರೆ ಆ ಮೈದಾನದಲ್ಲಿ ಕೂತಿದ್ದ ಗಂಡಸರೆಲ್ಲ ಒಂದಲ್ಲ ಒಂದು ಸಲ ನಾಟಕದಲ್ಲಿ ಬಣ್ಣ ಹಚ್ಚಿದವರೇ, ರಂಗಕ್ಕೆ ಕಾಯಿ ಒಡೆದ ಮೇಲೆ ದೊರೆ ಬಂದರೂ ಬರಿಗಾಲು, ನಾವೂ ಬರಿಗಾಲಲ್ಲೇ ಇದ್ದೇವೆ, ಮೀಸೆ ಹೆಂಗಸಿನದ್ದೋ ಗಂಡಸಿನದ್ದೋ, ಹಲಗೆ ಮಾತ್ರ ದೇವರದ್ದು. ಎಕ್ಡ ಬುಡಿ, ಎಕ್ಡ ಬುಡಿ ಅಂತ ಒಬ್ಬ, ಇಬ್ಬರು, ಆಮೇಲೆ ಮೈದಾನವೇ, ಹೆಂಗಸರ ಕಡೆಯಿಂದ ಎಲ್ಲಕ್ಕಿಂತ ಜೋರು. ಗುರುಮಲ್ಲಪ್ಪ ಕಾಲು ನೋಡಿಕೊಂಡ. ಬೇಕೆಂದು ಹಾಕಿಕೊಂಡು ಬಂದವನಲ್ಲ, ದೇವರಲ್ಲಿ ಭಯ ಇರುವವನೇ, ಸಿಟ್ಟಿನಲ್ಲಿ ಮರೆತಿದ್ದ, ಮುಖದ ಬಣ್ಣ ಇಳಿಯಿತು, ಒಂದು ಕಾಲಿನಿಂದ ಇನ್ನೊಂದನ್ನು ಜಾರಿಸಿ ಬಿಟ್ಟ, ಎರಡೂ ಚಪ್ಪಲಿ ಹಲಗೆಯ ಮೇಲೆ, ಬರಿಗಾಲಲ್ಲಿ ಹಿಂದೆ ಸರಿದ. ತೆಗೆದುಕೊಂಡು ಹೋಗಬೇಕಲ್ಲ, ಬಗ್ಗಿದ, ಅರ್ಧ ಬಗ್ಗಿದ ಮೇಲೆ ಕಂಡಿತು ತಲೆ ಎಲ್ಲಿಗೆ ಬರುತ್ತಿದೆ ಅಂತ, ಅರಸನ ಪಾದದ ಹತ್ತಿರಕ್ಕೆ, ತಮ್ಮನ ಹೆಂಡತಿಯ ಪಾದದ ಹತ್ತಿರಕ್ಕೆ, ಊರೆಲ್ಲ ನೋಡುತ್ತಿದೆ, ನಿಂತ, ಮೆಲ್ಲಗೆ ನೆಟ್ಟಗಾದ, ಬರಿಗೈಯಲ್ಲಿ ಮೆಟ್ಟಿಲಿಳಿದ, ತಮ್ಮನ ಪಕ್ಕ ದಾಟಿದ, ತಮ್ಮ ಕೂರಲಿಲ್ಲ, ಹಿಂದೆಯೂ ಹೋಗಲಿಲ್ಲ, ಸ್ಟೇಜನ್ನೇ ನೋಡುತ್ತಾ ನಿಂತಿದ್ದ. ಪಾಪ ಅನ್ನಿಸಿತೇ ನನಗೆ, ಸುಳ್ಳು ಯಾಕೆ, ಇಲ್ಲ, ಕುಣಿಯಬೇಕು ಅನ್ನಿಸಿತು, ಈಟಿ ನೆಟ್ಟಗೆ ಮಾಡಿ ಜಾಗಕ್ಕೆ ಬಂದೆ, ಕಣ್ಣಲ್ಲಿ ನೀರು, ಗೋಂದು ಬಿಟ್ಟೀತು, ಅಳಬೇಡ, ಲೆಂಕ ಅಳುವುದಿಲ್ಲ. ಜವರಮ್ಮ ತಿರುಗಿದಳು, ಭುಜ ನೆಟ್ಟಗಿದೆ, ಎಲ್ಲರೂ ಹೋದರು ಲೆಂಕ, ಅಂದಳು, ಕಾಲುವೆಯಾಚೆಗೂ ಕೇಳುವ ಗಂಟಲಲ್ಲಿ, ಆಣೆಯಿಂದ ನಿನ್ನನ್ನು ಬಿಡಿಸಿದ್ದೇನೆ, ನೀನೂ ಹೋಗು. ನಾನು ತಲೆಯಾಡಿಸಿದೆ, ಅಷ್ಟೇ, ಎಡಕ್ಕೊಮ್ಮೆ ಬಲಕ್ಕೊಮ್ಮೆ, ಮೈದಾನ ಕಿತ್ತುಹೋಗುವ ಹಾಗೆ ಚಪ್ಪಾಳೆ, ಶಿಳ್ಳೆ, ಯಾರದ್ದೋ ಟೋಪಿ ಮೇಲಕ್ಕೆ, ಪರದೆಯ ಪಕ್ಕ ರಾಣಿ ಟೀಚರು ಬಾಯಿಗೆ ಸೆರಗು ಒತ್ತಿಕೊಂಡಿದ್ದಾಳೆ, ನರಸೀಪುರವಂತೆ ನರಸೀಪುರ, ದಿಲ್ಲಿಗೂ ಹೋಗುತ್ತೇವೆ — ಅರಸ ಈಗ ಮುಂದಕ್ಕೆ ನಡೆಯಬೇಕು, ನಡೆಯುತ್ತಿಲ್ಲ, ಕೆಳಗೆ ನೋಡುತ್ತಿದ್ದಾಳೆ, ನಾನೂ ನೋಡುತ್ತಿದ್ದೇನೆ, ಯಾರೂ ತೆಗೆಯುತ್ತಿಲ್ಲ, ಇಳಿಬಿಸಿಲು ಬಿದ್ದಿದೆ, ಹೊಸ ತೊಗಲು, ಮೂತಿ ಅವಳ ಕಡೆಗೆ, ಒಳಗೆ ಕಾಲಿಲ್ಲ, ಅವಳ ಬರಿಯ ಪಾದಗಳ ಎದುರು ಆ ಎರಡು ಚಪ್ಪಲಿ, ಖಾಲಿ ಚಪ್ಪಲಿ