ಈರಮ್ಮನ ಕೈ ಇಲ್ಲದ ಫೋಟೊ

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಮಾತನ್ನು ಬೀದರದ ಮೈಲೂರ ಓಣಿಯ ಜನ ಆ ವರ್ಷ ಮಚ್ಛೇಂದ್ರನೊಬ್ಬನಿಗೇ ಮೀಸಲಿಟ್ಟಿದ್ದರು. ೧೯೮೫ರ ಬರ. ಬಾವಿಗಳ ತಳ ಕಾಣುತ್ತಿತ್ತು. ಹೈದರಾಬಾದಿನ ಬಸ್ಸುಗಳ ತಲೆಯ ಮೇಲೆ ಹಾಸಿಗೆ, ಕೊಡ, ಒಲೆಯ ಸಮೇತ ಊರಿಗೆ ಊರೇ ಹೊರಟಿತ್ತು. ಇವನು ಮಾತ್ರ ಹೆಗಲುದ್ದ ಕೂದಲು ಬಿಟ್ಟು, ರೇಡಿಯೊ ರಿಪೇರಿ ಅಂಗಡಿಯಲ್ಲಿ ಹಗಲು ಕಳೆದು, ಸಂಜೆಯಾದರೆ ಕರೆಂಟಿನ ಗಿಟಾರು ಹಿಡಿದು ಕೂಡುತ್ತಿದ್ದ. ಡ್ರಮ್ ಬಾರಿಸುವ ಅಯ್ಯುಬ ಅವನ ಜೀವದ ಗೆಳೆಯ. ಇಬ್ಬರೂ ಸೇರಿ ಒಂದು ಆರ್ಕೆಸ್ಟ್ರಾ ಕಟ್ಟಿದ್ದರು. ಮದುವೆ, ಗಣಪತಿ, ಉರುಸು ಎಲ್ಲ ಕಡೆ ಹಾಡಿದ್ದರು. ಬರದಲ್ಲಿ ಮದುವೆಗಳೇ ನಿಂತವು, ಹಾಡು ಕೇಳುವವರು ಯಾರು?

ಅಯ್ಯುಬ ಒಮ್ಮೆ ಹೈದರಾಬಾದಿನ ರದ್ದಿ ಅಂಗಡಿಯಿಂದ ಒಂದು ಇಂಗ್ಲಿಷ್ ಪತ್ರಿಕೆ ತಂದ. ಅದರ ತುಂಬ ಜುಲೈನಲ್ಲಿ ನಡೆದ ಲೈವ್ ಏಡ್ ಫೋಟೊಗಳು. ಇಥಿಯೋಪಿಯದ ಹಸಿದವರಿಗಾಗಿ ಲಂಡನ್ನಿನಲ್ಲೂ ಅಮೆರಿಕದಲ್ಲೂ ಒಂದೇ ದಿನ ದೊಡ್ಡ ದೊಡ್ಡ ಹಾಡುಗಾರರೆಲ್ಲ ಹಾಡಿದ್ದರು, ಅರ್ಧ ಜಗತ್ತು ಟೀವಿಯಲ್ಲಿ ನೋಡಿತ್ತು. ಒಬ್ಬನಂತೂ ಲಂಡನ್ನಿನಲ್ಲಿ ಹಾಡಿ, ವಿಮಾನ ಹತ್ತಿ, ಅದೇ ದಿನ ಅಮೆರಿಕದಲ್ಲೂ ಹಾಡಿದ್ದ.

"ನಾವೂ ಬೀದರದಾಗ ಹಾಡಿ, ಬಸ್ ಹತ್ತಿ, ಅದೇ ದಿನ ಭಾಲ್ಕಿದಾಗ ಹಾಡಬಹುದಲ್ಲೋ," ಎಂದ ಮಚ್ಛೇಂದ್ರ.

"ಬಸ್ ಬಂದ್ರ," ಎಂದ ಅಯ್ಯುಬ.

ತಮಾಷೆಯಾಗಿ ಶುರುವಾದ ಮಾತು ಮಚ್ಛೇಂದ್ರನ ತಲೆಯಿಂದ ಇಳಿಯಲಿಲ್ಲ. ಬರ ನಮ್ಮಲ್ಲೂ ಇದೆ, ಹಾಡು ನಮ್ಮಲ್ಲೂ ಇದೆ, ಇನ್ನೇನು ಬೇಕು? ಭಾಲ್ಕಿಯ ಅಡತಿ ವ್ಯಾಪಾರಿ ಹಾವಗೆಪ್ಪನವರ ಬಳಿ ಹೋಗಿ ಹೇಳಿದ. ಹಾವಗೆಪ್ಪನವರು ದೊಡ್ಡ ಗಂಟಲಿನ, ದೊಡ್ಡ ಮನಸ್ಸಿನ ಮನುಷ್ಯ. ತಮ್ಮ ಅಂಗಡಿಯ ಹಿಂದಿನ ಬಯಲು ಕೊಟ್ಟರು, ಚೀಲ ಕೊಟ್ಟರು, ಮೈಕಿನಲ್ಲಿ ಮಾತಾಡುವ ಕೆಲಸವನ್ನು ತಮಗೇ ಇಟ್ಟುಕೊಂಡರು. ಟಿಕೇಟು ಇಲ್ಲ. ಒಂದು ಸೇರು ಜೋಳ ತಂದವರಿಗೆ ಒಳಗೆ ಬಿಡುವುದು. ಕೂಡಿದ ಜೋಳ ಔರಾದ ಕಡೆಯ ಹಳ್ಳಿಗಳಲ್ಲಿ, ದುಡಿಯುವ ಮಕ್ಕಳು ಗುಳೆ ಹೋಗಿ ಹಿಂದೆ ಉಳಿದ ಮುದುಕರಿಗೆ.

"ಆದ್ರ ಪೋಸ್ಟರ್ ಕರುಳು ಹಿಂಡೂಹಂಗ ಇರಬೇಕು ನೋಡಪಾ," ಎಂದರು ಹಾವಗೆಪ್ಪನವರು, ಪತ್ರಿಕೆಯಲ್ಲಿದ್ದ, ಕೈಯೊಡ್ಡಿ ಕೂತ ಹಸಿದ ತಾಯಿಯೊಬ್ಬಳ ಚಿತ್ರದ ಮೇಲೆ ಬೆರಳಿಟ್ಟು. "ಇದರಾಗ ಅದ ನೋಡು, ಹಂಗ."

ಮಚ್ಛೇಂದ್ರ ಔರಾದದ ಹತ್ತಿರದ ತನ್ನ ಊರಿಗೆ ಕ್ಯಾಮೆರಾದವನನ್ನು ಕರೆದುಕೊಂಡು ಹೋದ. ಯಾರೂ ಸೆರಗೊಡ್ಡಿ ನಿಲ್ಲಲಿಲ್ಲ. ಅವನ ತಾಯಿ ಅಂಜನಾಬಾಯಿಯ ಓರಗೆಯ ಒಬ್ಬ ಮುದುಕಿಯಂತೂ ಹೊಸಿಲ ಮೇಲೆ ಕುಳಿತಲ್ಲೇ ಬೈದಳು: "ನಮ್ಮ ಮಕ್ಕಳು ದುಡೀಲಾಕ ಹೋಗ್ಯಾರ, ಬೇಡ್ಲಾಕ ಅಲ್ಲ. ನಿಮ್ಮಪ್ಪ ಇದ್ದಿದ್ರ ನಿನ್ನ ಕಾಲು ಮುರೀತಿದ್ದ."

ನಿಜ, ಮುರಿಯುತ್ತಿದ್ದ. ಮಚ್ಛೇಂದ್ರನ ಅಜ್ಜ ಊರ ಚಾಕರಿ ಮಾಡಿ, ಸಂಜೆ ಮನೆ ಮನೆ ಮುಂದೆ ನಿಂತು, ಕಂಬಳಿ ಒಡ್ಡಿ ತಂಗಳು ರೊಟ್ಟಿ ತರುತ್ತಿದ್ದವನು. ಅಪ್ಪ ಬೌದ್ಧನಾದ ದಿನವೇ ಆ ಕಂಬಳಿಯನ್ನು ಸುಟ್ಟ. ಈ ಮನೆಯವರು ಇನ್ನು ಯಾರ ಮುಂದೆಯೂ ಒಡ್ಡುವುದಿಲ್ಲ ಎಂದ. ದೇವರ ಪಟಗಳು ಗೋಡೆಯಿಂದ ಇಳಿದವು. ಹೆಂಗಸರು ಮಾತ್ರ ಒಂದು ಪದ್ಧತಿ ಬಿಡಲಿಲ್ಲ, ಉಡಿ ತುಂಬುವುದು. ಬಸುರಿ ಹೆಂಗಸಿಗೆ, ತವರಿನಿಂದ ಹೊರಟವಳಿಗೆ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಬಾಳೆಹಣ್ಣು ಹಾಕಿ ಹರಸುವುದರಲ್ಲಿ ಯಾವ ದೇವರ ಹಂಗೂ ಇಲ್ಲ ಎಂಬುದು ಅವರ ವಾದ. ಅಪ್ಪ ಅದಕ್ಕೆ ಎದುರಾಡಿರಲಿಲ್ಲ.

ಬೀದರಿಗೆ ಬರಿಗೈಯಲ್ಲಿ ಮರಳಿದ ಮಚ್ಛೇಂದ್ರನ ಕಣ್ಣು ತನ್ನ ಖೋಲಿಯ ಗೋಡೆಯ ಮೇಲಿದ್ದ ಫೋಟೊದ ಮೇಲೆ ಬಿತ್ತು.

ಅದು ತಂಗಿ ಕೇಶರಬಾಯಿಯ ಏಳನೇ ತಿಂಗಳ ಕುಬಸದ, ಅಂದರೆ ಸೀಮಂತದ, ಫೋಟೊ. ಎರಡು ತಿಂಗಳ ಹಿಂದಿನದು. ಕೇಶರ ನಾಚಿ ತಲೆ ಬಗ್ಗಿಸಿ, ಎರಡೂ ಕೈಯಿಂದ ಸೆರಗೊಡ್ಡಿ ಕೂತಿದ್ದಾಳೆ. ಸೆರಗಿಗೆ ಅಕ್ಕಿ ಹಾಕುತ್ತಿರುವ ಕೈ ಮೇಲಿನ ಓಣಿಯ ಈರಮ್ಮನದು. ಬಸವಣ್ಣನ ವಚನ ಬಾಯಿಪಾಠ ಮಾಡಿಸುವ ಮುದುಕಿ. ಅಂದು ಯಾರೂ ಕರೆಯದಿದ್ದರೂ ತಟ್ಟೆ ಹಿಡಿದು ತಾನೇ ಇಳಿದು ಬಂದು, ಉಡಿ ತುಂಬಿ, ಅಂಜನಾಬಾಯಿಯ ಕೈಯ ಹುಗ್ಗಿ ಉಂಡು ಹೋಗಿದ್ದಳು. ಮೇಲಿನ ಓಣಿಯ ಕೈಯೊಂದು ಆ ಮನೆಯಲ್ಲಿ ಉಡಿ ತುಂಬಿದ್ದು ಅದೇ ಮೊದಲು. ಅಂಜನಾಬಾಯಿ ವಾರವಿಡೀ ಅದನ್ನೇ ಹೇಳಿಕೊಂಡು ತಿರುಗಿದ್ದಳು.

ಮಚ್ಛೇಂದ್ರ ಫೋಟೊ ತೆಗೆದುಕೊಂಡು ಅಬ್ದುಲ ವಾಹೀದರ ಸ್ಟುಡಿಯೊಕ್ಕೆ ಹೋದ. ಫೋಟೊ ಹೊಡೆದವರು ಅವರೇ.

"ಈ ಬಾಜೂ ಕತ್ತರಿಸಿ ಕೊಡ್ರಿ ಚಾಚಾ. ಈ ಕೈ ಬ್ಯಾಡ."

"ಯಾಕಪಾ? ಕೈ ಎಷ್ಟು ಛಲೋ ಬಂದದ!"

"ಪೋಸ್ಟರಿನ್ಯಾಗ ಜಾಗಾ ಸಾಲಂಗಿಲ್ರಿ."

ಸುಳ್ಳು ನಾಲಿಗೆಯ ಮೇಲೆ ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೇ ಒಂದು ಗಳಿಗೆ ಹೇಸಿಕೆಯಾಯಿತು. ಆ ಗಳಿಗೆಯನ್ನು ಅವನು ದಾಟಿಬಿಟ್ಟ. ಕೇಶರ ಗಂಡನ ಜೊತೆ ಹೈದರಾಬಾದಿನಲ್ಲಿ ಕಟ್ಟಡದ ಕೆಲಸದ ಕಡೆ ಇದ್ದಾಳೆ, ಅವಳಿಗೇನು ಗೊತ್ತಾಗುತ್ತದೆ? ಒಳ್ಳೆಯ ಕೆಲಸಕ್ಕೆ ತಾನೇ? ಕೈ ಹೋಯಿತು. ಈಗ ಫೋಟೊದಲ್ಲಿ ಉಳಿದದ್ದು ತಲೆ ಬಗ್ಗಿಸಿ, ಸೆರಗೊಡ್ಡಿ, ಯಾರಾದರೂ ಏನಾದರೂ ಹಾಕಲಿ ಎಂದು ಕಾಯುತ್ತಿರುವ ಬಸುರಿ. ಪೋಸ್ಟರಿಗೆ ಅದೇ ಅಚ್ಚಾಯಿತು, ಬಯಲಿನ ಬಾಗಿಲಿಗೆ ಕಟ್ಟುವ ದೊಡ್ಡ ಬಟ್ಟೆಯ ಮೇಲೆ ಪೇಂಟರ್ ಅದನ್ನೇ ಬರೆದ. ಹಸಿರು ಬಳೆ ಬಿಟ್ಟುಬಿಟ್ಟ, ಸೀರೆಗೆ ತೇಪೆ ಹಾಕಿದ. ಕಣ್ಣೀರನ್ನು ಪುಕ್ಕಟೆ ಸೇರಿಸಿದ.

ಅಯ್ಯುಬ ಬಂದು ಅದರ ಮುಂದೆ ನಿಂತ. ಕೇಶರ ಅವನಿಗೂ ರಾಖಿ ಕಟ್ಟಿದವಳು.

"ಇದು ನಮ್ಮ ಕೇಶರ ಅಲ್ಲೇನೋ?"

"ಯಾರಿಗಿ ಗುರ್ತು ಸಿಗ್ತದ ಬಿಡು."

"ನನಗ ಸಿಕ್ತಲ್ಲ," ಎಂದ ಅಯ್ಯುಬ.

ಪೋಸ್ಟರು ಬೀದರ, ಭಾಲ್ಕಿ, ಔರಾದದ ಬಸ್ ನಿಲ್ದಾಣಗಳನ್ನೆಲ್ಲ ಮೆತ್ತಿಕೊಂಡ ಮೇಲೆ ಊರಿನಿಂದ ಅಂಜನಾಬಾಯಿ ಹೇಳಿ ಕಳಿಸಿದಳು. ಕೇಶರ ಭಾನುವಾರ ಮಧ್ಯಾಹ್ನ ಹೈದರಾಬಾದಿನಿಂದ ರೈಲಿನಲ್ಲಿ ಭಾಲ್ಕಿಯ ಅತ್ತೆ ಮನೆಗೆ ಬರುತ್ತಾಳೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಅಣ್ಣ ಹೋಗಿ ಕರೆತರಬೇಕು. ಅಣ್ಣನಿಲ್ಲದೆ ಅವಳು ತವರಿಗೆಂದು ಹೊಸಿಲು ದಾಟುವ ಹಾಗಿಲ್ಲ. ಭಾನುವಾರವೇ ಹಾಡು. ಹಾಡು ಮುಗಿದ ಕೂಡಲೇ ಜೋಳದ ಟೆಂಪೊದಲ್ಲೇ ಅವಳನ್ನು ಕೂರಿಸಿಕೊಂಡು ಔರಾದದ ದಾರಿ ಹಿಡಿಯುವುದು, ಕತ್ತಲಲ್ಲಿ ಪೋಸ್ಟರು ಕಾಣುವುದಿಲ್ಲ ಎಂದು ಮಚ್ಛೇಂದ್ರ ಲೆಕ್ಕ ಹಾಕಿದ. ಅವಳ ಅತ್ತೆ ಭಾಗೀರಥಿಬಾಯಿಗೆ ಹೇಳಿ ಕಳಿಸಿದ: ಆಕೆಯನ್ನು ಮನೆ ಬಿಟ್ಟು ಹೊರಗೆ ಕಳಿಸಬೇಡಿರಿ, ದಣಿದಿರುತ್ತಾಳೆ, ಸಂಜೆ ನಾನೇ ಬರುತ್ತೇನೆ.

ತಂಗಿಯ ದಣಿವಿನ ಮೇಲೆ ಅಷ್ಟೊಂದು ಕಾಳಜಿ!

ಭಾನುವಾರ ಇಳಿಹೊತ್ತಿಗೆ ಭಾಲ್ಕಿಯ ಆ ಬಯಲು ತುಂಬಿತು. ಜನ ಸೇರಿನಲ್ಲಿ, ಡಬ್ಬಿಯಲ್ಲಿ, ಟೋಪಿಯಲ್ಲಿ ಜೋಳ ತಂದರು. ವೇದಿಕೆಯ ಮುಂದೆ ಹಾಸಿದ ತಾಡಪತ್ರಿಯ ಮೇಲೆ ರಾಶಿ ಬೆಳೆಯಿತು. ಮಚ್ಛೇಂದ್ರ ಗಿಟಾರಿನ ತಂತಿ ಮೀಟಿದರೆ ಬಯಲಿಗೆ ಬಯಲೇ ಕೂಗುತ್ತಿತ್ತು. ಅವನು ಕಣ್ಣು ಮುಚ್ಚಿದಾಗ ಲಂಡನ್ನು, ತೆರೆದಾಗ ಭಾಲ್ಕಿ. ಎರಡಕ್ಕೂ ವ್ಯತ್ಯಾಸವೇ ಇಲ್ಲ ಎನಿಸಿತ್ತು. ಅವನ ಬದುಕಿನಲ್ಲಿ ಅಷ್ಟು ಸುಖದ ಸಂಜೆ ಹಿಂದೆ ಬಂದಿರಲಿಲ್ಲ.

ಅಷ್ಟರಲ್ಲಿ ಕೇಶರ ಬಂದಳು.

ಅಣ್ಣ ಹಸಿದವರಿಗಾಗಿ ಹಾಡುತ್ತಿದ್ದಾನೆ ಎಂದು ಅತ್ತೆಯ ಬಾಯಿಂದ ಕೇಳಿ ಅವಳಿಗೆ ಮನೆಯಲ್ಲಿ ಕೂಡಲಾಗಿರಲಿಲ್ಲ. ಅತ್ತೆಯ ಗಡಿಗೆಯಿಂದ ಒಂದು ಸೇರು ಜೋಳ ಸೆರಗಿಗೆ ಹಾಕಿಸಿಕೊಂಡು, ತುಂಬು ಬಸುರಿ, ಒಂದು ಕೈ ಸೊಂಟದ ಮೇಲಿಟ್ಟು ನಡೆದು ಬಂದಿದ್ದಳು. ಬಾಗಿಲಲ್ಲಿ ನಿಂತಿದ್ದ ಹುಡುಗರು ತಡೆದರು.

"ಏ ಬಾಯಿ, ತಗೊಳ್ಳೋರಿಗಿ ನಾಳಿ ಅದ. ಇವತ್ತು ಬರೇ ಕೊಡೋರಿಗಿ."

"ನಾ ಕೊಡ್ಲಾಕೇ ಬಂದೀನ್ರಿ. ಯಾಕ ಹಂಗ ಕೇಳ್ತೀರಿ?"

ಒಬ್ಬ ಅವಳ ಮುಖ ನೋಡಿದ, ಆಮೇಲೆ ತಲೆ ಎತ್ತಿ ಮೇಲೆ ನೋಡಿದ. ಅವನು ನೋಡಿದ ಕಡೆ ಕೇಶರಳೂ ನೋಡಿದಳು. ಬಾಗಿಲ ಮೇಲೆ, ಎರಡಾಳೆತ್ತರ, ಅವಳೇ ಸೆರಗೊಡ್ಡಿ ಅಳುತ್ತ ಕೂತಿದ್ದಳು.

ಸುದ್ದಿ ವೇದಿಕೆಗೆ ಮುಟ್ಟಲು ಎಷ್ಟು ಹೊತ್ತು? ಹಾವಗೆಪ್ಪನವರು ಮೈಕಿಗೆ ಹಾರಿದರು. "ಬಂಧುಗಳೇ, ನಮ್ಮ ಪೋಸ್ಟರಿನ ಆ ತಾಯಿ ಸ್ವತಃ ಬಂದಾಳ್ರಿ! ಬಿಡ್ರಿ, ದಾರಿ ಬಿಡ್ರಿ!" ಜನ ಅವಳನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುತ್ತ ವೇದಿಕೆಗೆ ಹತ್ತಿಸಿದರು. ಹಾವಗೆಪ್ಪನವರು ರಾಶಿಯಿಂದ ಬೊಗಸೆ ತುಂಬ ಜೋಳ ಎತ್ತಿಕೊಂಡರು. ಅವರ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು, ಅದನ್ನು ಹೇಳಲೇಬೇಕು.

"ಒಡ್ಡವ್ವ ಸೆರಗು. ಮೊದಲ ಬೊಗಸಿ ನಿನಗ."

ಕೇಶರ ಸೆರಗಿನ ಗಂಟನ್ನು ಬಿಗಿಯಾಗಿ ಹಿಡಿದುಕೊಂಡಳು. ಎದುರಿಗೆ ಅಣ್ಣ ಗಿಟಾರು ತೊಟ್ಟು ನಿಂತಿದ್ದ. ಅವನ ಬಾಯಿಗೆ ತಾಗುವಷ್ಟು ಹತ್ತಿರದಲ್ಲಿ ಮೈಕು.

"ಆ ಫೋಟೊದಾಗ ಈರಮ್ಮನ ಕೈ ಎಲ್ಲಿ ಹೋಯ್ತ್ರಿ?" ಎಂದು ಕೇಳಿದಳು.

ಹುಟ್ಟಿದಂದಿನಿಂದ ಅಣ್ಣನಿಗೆ ನೀನು ಎನ್ನುತ್ತಿದ್ದವಳು ಈಗ ರೀ ಹಚ್ಚಿದ್ದಳು. ಮಚ್ಛೇಂದ್ರನಿಗೆ ನೆಲ ಬಾಯಿ ಬಿಟ್ಟರೆ ಇಳಿದುಹೋಗಬೇಕು ಎನಿಸಿತು. ಹಿಂದಿನಿಂದ ಅಯ್ಯುಬ ಪಿಸುಗುಟ್ಟಿದ: "ಹೇಳೋ. ನನ್ನ ತಂಗಿ ಅಂತ ಹೇಳು. ಅದು ಕುಬಸದ ಫೋಟೊ ಅಂತ ಹೇಳು."

ಹೇಳಿದರೆ ಏನಾಗುತ್ತಿತ್ತು? ಜನ ಬೈಯುತ್ತಿದ್ದರು, ನಗುತ್ತಿದ್ದರು, ಒಂದಿಬ್ಬರು ತಮ್ಮ ಜೋಳ ವಾಪಸು ಕೇಳುತ್ತಿದ್ದರು. ಅಷ್ಟೇ. ಮಚ್ಛೇಂದ್ರನಿಗೆ ಅದು ಗೊತ್ತಿತ್ತು. ಆದರೂ ಬಯಲಿನ ಅಷ್ಟೂ ಮುಖಗಳು ತನ್ನನ್ನು ಮೆಚ್ಚಿ ನೋಡುತ್ತಿದ್ದವು, ಆ ನೋಟ ಬದಲಾಗುವುದನ್ನು ಅವನಿಂದ ತಾಳಲಾಗಲಿಲ್ಲ.

"ಯಾರವ್ವ ನೀ? ನಿನ್ನವರು ಯಾರಿದ್ದಾರ?" ಹಾವಗೆಪ್ಪನವರು ಅವಳ ಮುಂದೆ ಮೈಕು ಹಿಡಿದರು.

ಕೇಶರ ಅಣ್ಣನ ಮುಖವನ್ನೇ ನೋಡುತ್ತ ಕಾದಳು. ಅವನು ಕಣ್ಣು ಇಳಿಸಿ ಗಿಟಾರಿನ ಕಿವಿ ತಿರುವತೊಡಗಿದ. ತಂತಿ ಸರಿಯಾಗಿಯೇ ಇತ್ತು.

"ನನ್ನ ಒಯ್ಯಾಕ ಅಣ್ಣ ಬರ್ತಾನ್ರಿ," ಎಂದಳು ಅವಳು ಮೈಕಿನಲ್ಲಿ. "ಇನ್ನಾ ಬಂದಿಲ್ಲ."

ಅಷ್ಟು ಹೇಳಿ ಸೆರಗಿನ ಗಂಟು ಬಿಚ್ಚಿ, ತಂದಿದ್ದ ಜೋಳವನ್ನು ರಾಶಿಗೆ ಸುರಿದಳು. ಸೆರಗು ಕೊಡವಿ ಹೊದ್ದುಕೊಂಡು ಇಳಿದು ಹೋದಳು. ಬಡವಿಯ ದೊಡ್ಡತನಕ್ಕೆ ಜನ ಚಪ್ಪಾಳೆ ತಟ್ಟಿದರು. ಅದನ್ನೂ ಅವಳು ಕೇಳಿಸಿಕೊಂಡೇ ಹೋಗಬೇಕಾಯಿತು.

ಮಚ್ಛೇಂದ್ರ ಮುಂದಿನ ಹಾಡು ಎತ್ತಿಕೊಂಡ. ಎರಡು ಸಾಲು ಹಾಡಿದ ಮೇಲೆ ಡ್ರಮ್ ಬರುತ್ತಿಲ್ಲ ಎಂದು ತಿಳಿಯಿತು. ತಿರುಗಿ ನೋಡಿದರೆ ಡ್ರಮ್ಮಿನ ಮೇಲೆ ಕೋಲುಗಳೆರಡೇ ಇದ್ದವು. ಅವನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಜನರೇ ಚಪ್ಪಾಳೆಯಿಂದ ತಾಳ ಹಾಕಿದರು. ಹಾಡು ಚೆನ್ನಾಗಿ ಬಂತು, ಅಂದು ಹಾಡಿದ ಎಲ್ಲದಕ್ಕಿಂತ ಚೆನ್ನಾಗಿ. ಅದನ್ನು ನೆನೆದಾಗಲೆಲ್ಲ ಅವನಿಗೆ ತನ್ನ ಮೇಲೇ ಹೇಸಿಕೆಯಾಗುತ್ತದೆ.

ಹಾಡು ಮುಗಿದು ಹಾರ ಬಿದ್ದವು. ಟೆಂಪೊಗೆ ಚೀಲ ಏರಿದವು. ಹಾರ ತೆಗೆದು ಚೀಲಗಳ ಸಂದಿಯಲ್ಲಿ ತುರುಕಿ, ಮಚ್ಛೇಂದ್ರ ಭಾಗೀರಥಿಬಾಯಿಯ ಮನೆ ಮುಂದೆ ಇಳಿದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಕಾಲು ಹಿಡಿಯುತ್ತೇನೆ, ನಾಳೆಯೇ ಮೂರೂ ಊರಿನ ಪೋಸ್ಟರು ಕೀಳುತ್ತೇನೆ ಎಂದೆಲ್ಲ.

ಭಾಗೀರಥಿಬಾಯಿ ಕಂದೀಲು ಹಿಡಿದು ಬಾಗಿಲಿಗೆ ಬಂದಳು. ಕೇಶರಳ ಮದುವೆಯಲ್ಲಿ ಇವನಿಗೆ ತಾನೇ ಮಾನದ ಟೋಪಿ ತೊಡಿಸಿ, ತಮ್ಮಾ ಎಂದು ಕರೆದವಳು. ಈಗ ಹೊಸಿಲಿನ ಆಚೆಯೇ ನಿಂತಳು.

"ಅತ್ತಿ, ಕೇಶರ..."

"ಆಕಿ ತವರಿಗಿ ಹೋದಳ್ರಿ."

"ಯಾರ ಜೋಡಿ?"

"ಆಕಿ ಅಣ್ಣ ಬಂದಿದ್ದ. ಬಾಗಿಲಾಗ ನಿಂತು, ನಾ ಅಯ್ಯುಬ, ತಂಗೀನ ಒಯ್ಯಾಕ ಬಂದೀನ್ರಿ ಅಂದ. ಉಡಿ ತುಂಬಿ ಕಳಸೀನಿ. ಸಂಜಿ ಬಸ್ಸಿಗೇ ಹೋದರು." ಕಂದೀಲನ್ನು ಸ್ವಲ್ಪ ಎತ್ತಿ ಅವನ ಮುಖಕ್ಕೆ ಹಿಡಿದಳು. "ನೀವು ಯಾರ್ರಿ?"

ಇಲ್ಲಿ ಮೈಕಿರಲಿಲ್ಲ, ಬಯಲಿರಲಿಲ್ಲ, ಕೇಳುವವಳು ಒಬ್ಬಳೇ. ಎರಡೇ ಮಾತು ಸಾಕಿತ್ತು. ಆದರೆ ಅಣ್ಣ ಎಂಬ ಮಾತು ಈಗಾಗಲೇ ಬೇರೆಯವನದಾಗಿತ್ತು.

"ನಾ... ಅಲ್ಲಿ ಹಾಡಿದಾಂವ್ರಿ," ಎಂದ ಮಚ್ಛೇಂದ್ರ.

"ಹೌದು, ಇಲ್ಲೀತನಾ ಕೇಳಸ್ತು," ಎಂದಳು ಭಾಗೀರಥಿಬಾಯಿ, ಬಾಗಿಲು ಮುಂದೆ ಮಾಡುತ್ತ. "ಛಲೋ ಹಾಡಿದ್ರಿ."