ಬರಿದಾದ ಕೊಕ್ಕೆ

ವಿಮಾನದ ಶೆಡ್ಡಿನ ಗೋಡೆಯ ಹಲಗೆಯ ಮೇಲೆ ಒಂದು ಕೊಕ್ಕೆ ಮಾತ್ರ ಬರಿದಾಗಿತ್ತು. ಅದು ಹಾರ್ಲನ್‌ನದು.

ಹಿಮಬಿರುಗಾಳಿಯ ಒಡಲಿಗೆ ವಿಮಾನ ನುಗ್ಗುವ ಮುನ್ನ, ರೆಕ್ಕೆಯಡಿಯ ತನ್ನ ಉಪಕರಣದ ಕೆಂಪು ಮುಚ್ಚಳವನ್ನು ಪ್ರತಿಯೊಬ್ಬ ವಿಜ್ಞಾನಿಯೂ ತಾನೇ ಬಿಚ್ಚಿ ತಂದು ಇಲ್ಲಿ ನೇತುಹಾಕಬೇಕು. ಒಬ್ಬರದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಮುಚ್ಚಳ ಎಣಿಸುವ ಕೆಲಸದ ಅಲ್ಮಾ, ಎಲ್ಲವೂ ಬಂದವೆಂದು ಹೇಳಿದ ಮೇಲೆಯೇ ವಿಮಾನ ಹೊರಡುವುದು.

ಅವಳು ಹೊರಗೆ ನೋಡಿದಳು. ಮೋಡದೊಳಗಿನ ಹಿಮದ ಹರಳುಗಳನ್ನು ಕಾಣಬೇಕಾದ ಹಾರ್ಲನ್‌ನ ಉಪಕರಣ ಕೆಂಪು ಮುಚ್ಚಳ ಹೊದ್ದುಕೊಂಡೇ ಇತ್ತು. ಅದನ್ನು ಬಿಚ್ಚಲು ಮರೆತು ಅವನಾಗಲೇ ವಿಮಾನ ಹತ್ತಿಯಾಗಿತ್ತು. ಈ ಚಳಿಗಾಲಕ್ಕೆ ಇದೇ ಕೊನೆಯ ಹಾರಾಟ.

ಹಿಂದೊಮ್ಮೆ ರೇಡಿಯೋದಲ್ಲಿ ಹವಾಮಾನ ಹೇಳುತ್ತಿದ್ದವನು ಅವನೇ. "ಹಿಮ ಸರೋವರದ ಮೇಲೇ ಸುರಿದುಹೋಗುತ್ತೆ, ಊರಿಗೆ ಬರಲ್ಲ" ಎಂದಿದ್ದ. ಆ ಮಾತು ನಂಬಿ ಅಲ್ಮಾಳ ಗಂಡ ಕ್ಲೆಮ್ ಹಾಲಿನ ಲಾರಿ ತೆಗೆದುಕೊಂಡು ಹೊರಟ. ಹಿಮ ಅಗೆದು ಅವನನ್ನು ಹೊರತೆಗೆದರು. ಶವಸಂಸ್ಕಾರದ ದಿನ ಹಾರ್ಲನ್ ಇಗರ್ಜಿಗೆ ಬರಲಿಲ್ಲ. ಆಮೇಲೆ ಎದುರಾದಾಗ, "ಪ್ರಕೃತಿ ಮುಂದೆ ನಾವೆಷ್ಟರವರು, ಅಲ್ಮಾ?" ಎಂದಷ್ಟೇ ಅಂದ. ಆ ಮಾತು ಅವಳೊಳಗೆ ಬೂದಿ ಮುಚ್ಚಿದ ಕೆಂಡವಾಗಿ ಉಳಿದಿತ್ತು. ಪ್ರತಿ ಭಾನುವಾರ ಕ್ಷಮಿಸುವ ಶಕ್ತಿ ಬೇಡುತ್ತಿದ್ದಳು, ದೇವರು ಕೊಟ್ಟಿರಲಿಲ್ಲ.

"ಏನಮ್ಮಾ, ಎಣಿಸ್ತಿದೀಯೋ, ಜಪ ಮಾಡ್ತಿದೀಯೋ?" ಬಾಗಿಲಲ್ಲಿ ಮೇಸ್ತ್ರಿ ಓಟಿಸ್ ಕೂಗಿದ. "ಬಿರುಗಾಳಿ ಕರಗಿ ನೀರಾಗೋದ್ರೊಳಗೆ ಹೇಳು!"

ಅಲ್ಮಾ ಖಾನೆಯಿಂದ ಹಳೆಯದೊಂದು ಮುಚ್ಚಳ ತೆಗೆದು ಹಾರ್ಲನ್‌ನ ಕೊಕ್ಕೆಗೆ ಸಿಕ್ಕಿಸಿದಳು.

"ಎಲ್ಲಾ ಬಂತು" ಎಂದಳು.

ಮಧ್ಯಾಹ್ನ ವಿಮಾನದಿಂದ ರೇಡಿಯೋದಲ್ಲಿ ಹಾರ್ಲನ್‌ನ ದನಿ ಕೇಳಿತು. "ನನ್ನ ಪರದೇಲಿ ಏನೂ ಕಾಣ್ತಿಲ್ಲ, ಓಟಿಸ್. ಹಿಮ ಊರ ಕಡೆ ತಿರುಗ್ತಿದೆ, ಅವತ್ತಿನ ಹಾಗೇ. ಯಾಕೆ ತಿರುಗುತ್ತೆ ಅಂತ ಇವತ್ತು ತಿಳೀಬೇಕಿತ್ತು. ಇಷ್ಟು ವರ್ಷ ಒದ್ದಾಡಿದ್ದೇ ಅದಕ್ಕೆ. ಅಲ್ಮಾ ಅಲ್ಲಿದಾಳಾ? ಕ್ಲೆಮ್‌ಗೋಸ್ಕರ..."

ಅಲ್ಮಾ ಹಲಗೆಯ ಕಡೆ, ತಾನು ಸಿಕ್ಕಿಸಿದ ಮುಚ್ಚಳದ ಕಡೆ ನೋಡಿದಳು. ಆದರೂ ಓಟಿಸ್‌ನ ಕೈಯಿಂದ ಮೈಕು ತೆಗೆದುಕೊಂಡಳು.

"ಪ್ರಕೃತಿ ಮುಂದೆ ನಾವೆಷ್ಟರವರು, ಹಾರ್ಲನ್?"

ಮೈಕನ್ನು ಓಟಿಸ್‌ಗೆ ಹಿಂದಿರುಗಿಸಿದಳು.

ವಿಮಾನ ಇಳಿದ ಮೇಲೆ ಹಾರ್ಲನ್ ರೆಕ್ಕೆಯಡಿಯಿಂದ ಮುಚ್ಚಳ ಬಿಚ್ಚಿಕೊಂಡು ನೇರ ಹಲಗೆಯ ಬಳಿಗೆ ಬಂದ. ಅವನ ಕೊಕ್ಕೆಯಲ್ಲಿ ಆಗಲೇ ಒಂದು ತೂಗುತ್ತಿತ್ತು. ಅದನ್ನು ನೋಡಿದ, ಅಲ್ಮಾಳನ್ನು ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ. ಅವನ ಕೈಯ ಮುಚ್ಚಳಕ್ಕೆ ಕಟ್ಟಿದ್ದ ಹಿಮ ಕರಗಿ, ಇಬ್ಬರ ನಡುವಿನ ನೆಲದ ಮೇಲೆ ತೊಟ್ಟಿಕ್ಕತೊಡಗಿತು.